ಗಾಳಿಗೆಂದು ಕಟ್ಟಿದ ಮನೆ

ಆ ದಿನಗಳಲ್ಲಿ ಗೋವಾದ ಮೋತಿ ಡೊಂಗರ್ ಗುಡ್ಡದ ಮೇಲಿನ ನಮ್ಮ ತಗಡಿನ ಬಾಡಿಗೆ ಖೋಲಿಯಿಂದ ಬೆಳಿಗ್ಗೆ ಬಸ್ಸು ಹಿಡಿದು, ಸಮುದ್ರದ ಕಡೆಯ ಒಂದು ಊರಿನ ಮನೆಗೆ ಅಡುಗೆ ಕೆಲಸಕ್ಕೆ ಹೋಗುತ್ತಿದ್ದೆ. ಕೆಲಸ ಕೊಡಿಸಿದ್ದು ನನ್ನ ಗಂಡ. ನಮ್ಮ ಯಜಮಾನರು ಗೌಂಡಿ. ಆ ಮನೆಯ ಗೋಡೆ ಕಟ್ಟಿದ್ದು ಅವರೇ.

ಮನೆಯೊಡತಿ ನರ್ಸ್ ಕೆಲಸದಿಂದ ನಿವೃತ್ತಿಯಾದ, ಒಂಟಿಯಾಗಿದ್ದ ಗೋವಾದ ಹೆಂಗಸು. ಎಲ್ಲರಂತೆ ನಾನೂ ‘ಬಾಯಿ’ ಎನ್ನುತ್ತಿದ್ದೆ. ಒಂದು ತೆಂಗಿನ ಮರವನ್ನೂ ಕಡಿಯಬಾರದೆಂದು ಮನೆಯನ್ನು ಮರಗಳ ನಡುವೆ ತುಸು ಡೊಂಕಾಗಿಯೇ ಕೂರಿಸಿದ್ದರು. ಎರಡೇ ಕೋಣೆ, ಸಿಮೆಂಟಿನ ಗಿಲಾವು ಮಾಡದ ಕೆಂಪು ಚಿರೇಕಲ್ಲಿನ ಗೋಡೆ, ಕೆಡವಿದ ಮನೆಯೊಂದರಿಂದ ತಂದ ಹಂಚು. ಸಮುದ್ರದ ಕಡೆಯ ಗೋಡೆಯ ತುಂಬ ಸಣ್ಣ ಸಣ್ಣ ಕಿಂಡಿಗಳು. ಅವುಗಳಿಂದ ಗಾಳಿ ನುಗ್ಗಿ ಅಡುಗೆಮನೆಯ ಮೂಲಕ ಹಾದುಹೋಗುತ್ತಿತ್ತು. ತಗಡಿನ ಕೆಳಗೆ ಬೆವೆತು ಎದ್ದು ಬಂದ ನನಗೆ ಅಲ್ಲಿ ಒಲೆಯ ಮುಂದೆ ನಿಲ್ಲುವುದೂ ಹಗುರ ಅನ್ನಿಸುತ್ತಿತ್ತು.

ಸಮುದ್ರದ ಕಡೆಗಿದ್ದ ಗದ್ದೆ ಮಾರಾಟವಾಯಿತು. ಮಣ್ಣು ತುಂಬಿ ಫ್ಲ್ಯಾಟು ಕಟ್ಟತೊಡಗಿದರು. ಒಂದು ದಿನ ಊಟಕ್ಕೆ ಕೂತಾಗ ಯಜಮಾನರು ತಾಟಿನಿಂದ ತಲೆ ಎತ್ತದೆ ಹೇಳಿದರು: “ನನಗ ಅಲ್ಲೇ ಕೆಲಸ ಸಿಕ್ಕೇತಿ.”

“ಬಾಯಿ ಮನಿ ಬಾಜೂಕ್ರೀ?”

“ಹೂಂ. ನಾ ಒಲ್ಲೆ ಅಂದ್ರ ಮತ್ತೊಬ್ಬ ಕಟ್ತಾನ. ಮನ್ಯಾಗ ಕುಂತ್ ಏನ್ ಮಾಡ್ಲಿ?”

ಒಂದೊಂದು ಮಹಡಿ ಏರಿದಂತೆ ಗಾಳಿ ಇಳಿಯಿತು. ಒಗ್ಗರಣೆಯ ಹೊಗೆ ಅಡುಗೆಮನೆಯಲ್ಲೇ ನಿಲ್ಲತೊಡಗಿತು. ಬೇಸಿಗೆಗೆ ಬಾಯಿ ಎದೆಯ ಮೇಲೆ ಒದ್ದೆ ಬಟ್ಟೆ ಹಾಸಿಕೊಂಡು ಮಲಗುತ್ತಿದ್ದರು. ಒಂದು ಮಧ್ಯಾಹ್ನ ಕಟ್ಟಡದತ್ತ ನೋಡುತ್ತ ಕೊಂಕಣಿಯಲ್ಲಿ ಕೇಳಿದರು, “ಮೇಲೆ ನಿಂತಿರುವುದು ನಿನ್ನ ಗಂಡನಲ್ಲವೇ?”

“ಹೌದು ಬಾಯಿ.”

“ಬಿಸಿಲು ಜೋರಾಗಿದೆ. ಊಟಕ್ಕೆ ಇಲ್ಲಿಗೇ ಕರೆ.”

ಯಜಮಾನರು ಬಂದರು. ಮೆಟ್ಟಿಲ ಮೇಲೆ ಕೂತು ಉಂಡರು. ಎರಡನೇ ಸಲ ಬಡಿಸಲು ಹೋದರೆ ಕೈ ಅಡ್ಡ ಹಿಡಿದರು.

ಕಡೆಗೆ ಬಾಯಿ ಎಸಿ ಹಾಕಿಸಬೇಕಾಯಿತು. ಕಿಂಡಿಗಳಿದ್ದರೆ ತಂಪು ನಿಲ್ಲುವುದಿಲ್ಲ. ಮುಚ್ಚಿಕೊಡೆಂದು ಯಜಮಾನರನ್ನೇ ಕೇಳಿದರು. ಭಾನುವಾರ ಅವರು ಸಿಮೆಂಟು ಕಲಸಿದರು, ನಾನು ಇಟ್ಟಿಗೆ ತುಂಡು ಕೊಡುತ್ತ ಹೋದೆ. ಸಾಲು ಸಾಲಾಗಿ ಕೋಣೆ ಕತ್ತಲಾಯಿತು. ಬಾಯಿ ಸ್ವಲ್ಪ ಹೊತ್ತು ನಿಂತು ನೋಡಿ ಹೊರಗೆ ಹೋಗಿ ಕೂತರು.

ಮರಳುವಾಗ ಬಸ್ಸಿನಲ್ಲಿ ಯಜಮಾನರು, “ಭಾಳ ಆಸೆಯಿಂದ ಕಟ್ಟಿದ್ನೆಲಾ ಆ ಗ್ವಾಡಿ,” ಅಂದರು.

ಮಳೆಗಾಲದಲ್ಲಿ ಮುಚ್ಚಿದ ಗೋಡೆ ತೇವ ಹಿಡಿದು ಕಪ್ಪಾಯಿತು. ಬಾಯಿಗೆ ಕೆಮ್ಮು ಶುರುವಾಯಿತು. ಮನೆಗೆ ಬೀಗ ಹಾಕಿ ವಾಳಪೈ ಎಂಬ ಊರಿನಲ್ಲಿದ್ದ ತಂಗಿಯ ಮನೆಗೆ ಹೋದರು. ಹೋಗುವಾಗ ನನ್ನ ಕೈ ಹಿಡಿದು, “ಫೋನು ಮಾಡುತ್ತಿರು” ಎಂದರು.

ಈಗ ನಾನು ಆ ಕಟ್ಟಡದಲ್ಲೇ ಎರಡು ಫ್ಲ್ಯಾಟುಗಳಲ್ಲಿ ಪಾತ್ರೆ ತೊಳೆಯುತ್ತೇನೆ. ಬಾಯಿಗೆ ಇನ್ನೂ ಫೋನು ಮಾಡಿಲ್ಲ. ಎಲ್ಲಿ ಕೆಲಸಕ್ಕೆ ಹೋಗುತ್ತೀ ಎಂದು ಅವರು ಕೇಳದೆ ಇರುವುದಿಲ್ಲ.