ಸೋಮವಾರದ ಮೋಟಾರು

ಮೋಟಾರಿನ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಚಿಂತಿಸಬೇಕೋ, ತೊಟ್ಟಿಕ್ಕುವುದು ನಿಂತರೆ ಚಿಂತಿಸಬೇಕೋ ಎಂಬ ಪ್ರಶ್ನೆಗೆ ನನಗೆ ಈ ವಯಸ್ಸಿನಲ್ಲೂ ಖಚಿತವಾದ ಉತ್ತರ ದೊರಕಿಲ್ಲ. ಸಂಸ್ಥಾನದ ಆ ದಿನಗಳಲ್ಲಿ ಸಾಂಗ್ಲಿಯ ನಮ್ಮ ಮನೆಯ ಅಂಗಳದಲ್ಲಿ ನಿಂತು, ಬೆಳಿಗ್ಗೆ ಹಲ್ಲುಜ್ಜುತ್ತ, ಹಾಸುಗಲ್ಲಿನ ಮೇಲಿನ ಕರಿಯ ಕಲೆಯನ್ನು ಪರೀಕ್ಷಿಸುವುದು ನನ್ನ ನಿತ್ಯಕರ್ಮವಾಗಿತ್ತು. ಕಲೆ ದೊಡ್ಡದಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದು ಎದೆ ಧಸಕ್ಕೆನ್ನುತ್ತಿತ್ತು; ಕಲೆಯೇ ಇಲ್ಲದಿದ್ದರೆ ಸೋರುವುದಕ್ಕೂ ಒಳಗೆ ಏನೂ ಉಳಿದಿಲ್ಲ ಎಂದು ಇನ್ನಷ್ಟು ಧಸಕ್ಕೆನ್ನುತ್ತಿತ್ತು. ನೀವು ಮೋಟಾರು ಇಟ್ಟವರಾಗಿದ್ದರೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಇಡದವರಾಗಿದ್ದರೆ ನಿಮ್ಮ ಪುಣ್ಯ ದೊಡ್ಡದು, ಅದು ಎಷ್ಟು ದೊಡ್ಡದೆಂದು ಮುಂದೆ ಓದಿ ತಿಳಿದುಕೊಳ್ಳಿ.

ಆ ಮೋಟಾರಿನ ಒಡೆಯರು ನನ್ನ ಕಾಕಾ, ಅಂದರೆ ತಂದೆಯ ತಮ್ಮ. ಅರಿಷಿಣ, ಬೆಲ್ಲದ ವ್ಯಾಪಾರ ಅವರದು. ನನ್ನ ತಂದೆ ತಾಯಿ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿ, ಓದಿಸಿ, ಮದುವೆ ಮಾಡಿ, ಅಂಗಡಿಯಲ್ಲಿ ಕೂರಿಸಿದವರು ಕಾಕಾ ಮತ್ತು ಅವರ ಹೆಂಡತಿ, ನನ್ನ ಕಾಕೂ. ಯಾರೋ ಸಾಹೇಬರು ಸವಾರಿ ಮಾಡಿ ಬೇಸತ್ತು ಬಿಟ್ಟ ಕಾರೊಂದನ್ನು ಕಾಕಾ ಕೊಂಡು, ಅದರ ಹಿಂದಿನ ಅರ್ಧವನ್ನು ಕೊಯ್ಯಿಸಿ, ಬಡಿಗನಿಂದ ಹಲಗೆಯ ತೊಟ್ಟಿಯೊಂದನ್ನು ಕೂಡಿಸಿದ್ದರು. ಹೀಗಾಗಿ ಮುಂದಿನಿಂದ ನೋಡಿದರೆ ಅದು ಕಾರು, ಹಿಂದಿನಿಂದ ನೋಡಿದರೆ ಎತ್ತಿನ ಚಕ್ಕಡಿ. ತಾನು ಯಾವುದು ಎಂಬ ವಿಷಯದಲ್ಲಿ ಅದಕ್ಕೂ ಗೊಂದಲವಿತ್ತೆಂದು ತೋರುತ್ತದೆ. ಏರಿನಲ್ಲಿ ಚಕ್ಕಡಿಯಂತೆಯೂ ಇಳಿಜಾರಿನಲ್ಲಿ ಕಾರಿನಂತೆಯೂ ವರ್ತಿಸುತ್ತಿತ್ತು. ಹದಿನಾರು ಚೀಲ ಅರಿಷಿಣ ಹೊತ್ತು ಹರಿಪುರದ ದಾರಿ ಹಿಡಿದರೆ ಎರಡೂ ಆಗದೆ ನಿಂತೇಬಿಡುತ್ತಿತ್ತು.

ಕೆಟ್ಟರೆ ತೋರಿಸಲು ಮಿರಜದಲ್ಲಿ ಬಾಬಾಲಾಲ ಮಿಸ್ತ್ರಿ ಇದ್ದ. ನಮ್ಮದು ಸಾಂಗ್ಲಿ ಸಂಸ್ಥಾನ, ಅವನದು ಮಿರಜ ಸಂಸ್ಥಾನ. ರೋಗಿ ಒಬ್ಬ ರಾಜನ ಪ್ರಜೆ, ವೈದ್ಯ ಇನ್ನೊಬ್ಬ ರಾಜನ ಪ್ರಜೆ. ಮೋಟಾರು ಅವನ ಬಳಿಗೆ ಹೋಗುವಷ್ಟು ಚೆನ್ನಾಗಿದ್ದಾಗ ಅವನ ಅಗತ್ಯವಿರುತ್ತಿರಲಿಲ್ಲ. ಅಗತ್ಯವಿದ್ದಾಗ ಅದು ಹೋಗುವ ಸ್ಥಿತಿಯಲ್ಲಿರುತ್ತಿರಲಿಲ್ಲ. ಆದ್ದರಿಂದ ಸಣ್ಣಪುಟ್ಟ ದುರಸ್ತಿಯೆಲ್ಲ ಅಂಗಳದಲ್ಲೇ, ನಮ್ಮ ಕೈಯಲ್ಲೇ ಆಗಬೇಕಿತ್ತು. ಒಮ್ಮೆ ರೇಡಿಯೇಟರ್ ಸೋರತೊಡಗಿದಾಗ ಮಿಸ್ತ್ರಿ, ನೀರಿಗೆ ಒಂದು ಹಿಡಿ ಅರಿಷಿಣ ಪುಡಿ ಹಾಕಿರಿ, ತೂತು ತಾನೇ ಮುಚ್ಚಿಕೊಳ್ಳುತ್ತದೆ ಎಂದು ಹೇಳಿಕಳಿಸಿದ. ಅರಿಷಿಣದ ವ್ಯಾಪಾರಿಗೆ ಇಂಥ ಸಲಹೆ ಕೊಟ್ಟರೆ ಏನಾಗುತ್ತದೆಂದು ಅವನು ಯೋಚಿಸಿರಲಿಲ್ಲ. ಹೊರಗಿನವರಿಗೆ ಮಾರುವ ಮಾಲನ್ನು ಸ್ವಂತ ಮೋಟಾರಿಗೆ ಹೇಗೆ ಹಾಕುವುದೆಂದು ಕಾಕಾ ಕೊಠಡಿಯೊಳಗಿನ ಅತ್ಯುತ್ತಮ ಚೀಲವನ್ನು ಬಿಚ್ಚಿ, ಹಿಡಿಯ ಬದಲು ಬೊಗಸೆ ಬೊಗಸೆಯಾಗಿ ಹಾಕಿದರು. ಸೋರುವುದು ನಿಂತಿತು ನಿಜ. ಆದರೆ ಆಮೇಲೆ ತಿಂಗಳುಗಟ್ಟಲೆ, ಏರು ಹತ್ತುವಾಗಲೆಲ್ಲ ಮುಂದಿನಿಂದ ಹಳದಿ ಹಬೆ ಎದ್ದು ದಾರಿಯುದ್ದಕ್ಕೂ ಮದುವೆ ಮನೆಯ ವಾಸನೆ ಹರಡುತ್ತಿತ್ತು. ಇದು ಯಶಸ್ಸೋ ಅಪಯಶಸ್ಸೋ ನಮಗೆ ನಿರ್ಧರಿಸಲಾಗಲಿಲ್ಲ.

ಇನ್ನು ಪುಸ್ತಕದ ವಿಷಯ. ಮೋಟಾರಿನ ಜೊತೆಗೆ ಸಾಹೇಬರು ಒಂದು ಇಂಗ್ಲಿಷ್ ಪುಸ್ತಕವನ್ನೂ ಕೊಟ್ಟಿದ್ದರು. ರಟ್ಟು ಹರಿದಿತ್ತು; ಒಳಗೆ ಮೋಟಾರಿನ ಕರುಳುಗಳ ಚಿತ್ರಗಳು, ಒಂದೊಂದು ಅಂಗಕ್ಕೂ ಒಂದೊಂದು ಅಂಕೆ. ಮನೆತನದಲ್ಲಿ ಮ್ಯಾಟ್ರಿಕ್ ಮುಗಿಸಿದವನು ನಾನೊಬ್ಬನೇ ಆಗಿದ್ದರಿಂದ ಅದನ್ನು ಓದಿ ಹೇಳುವ ಪೌರೋಹಿತ್ಯ ನನ್ನ ಪಾಲಿಗೆ ಬಂತು. ನಾನು ಕಲಿತ ಇಂಗ್ಲಿಷಿನಲ್ಲಿ ಹೂವುಗಳಿದ್ದವು, ಚಂದ್ರನಿದ್ದ, ನೀತಿವಂತ ರಾಜರಿದ್ದರು. ಬೋಲ್ಟು ಸಡಿಲಿಸುವ ಇಂಗ್ಲಿಷನ್ನು ನನಗೆ ಯಾವ ಮಾಸ್ತರರೂ ಕಲಿಸಿರಲಿಲ್ಲ. ಒಂದು ವಾಕ್ಯದಲ್ಲಿ ನಾಲ್ಕು ಶಬ್ದ ಗೊತ್ತಾದರೆ ಐದು ಗೊತ್ತಾಗುತ್ತಿರಲಿಲ್ಲ. ಆದರೆ ಎದುರಿಗೆ ಕಾಕಾ ಮೊಣಕಾಲಿನ ಮೇಲೆ ಕೈಯಿಟ್ಟು, ಪುರಾಣ ಕೇಳುವವರಂತೆ ಕುಳಿತಿರುತ್ತಿದ್ದರು. ನನ್ನ ಓದಿಗೆಂದು ಅವರು ಎಷ್ಟು ಕಷ್ಟಪಟ್ಟಿದ್ದರೆಂದು ನನಗೆ ಗೊತ್ತಿತ್ತು. ಆ ಮುಖದ ಎದುರು ‘ತಿಳಿಯದು’ ಎನ್ನಲು ನನಗೆ ನಾಲಿಗೆ ಬರಲಿಲ್ಲ. ಮೊದಲ ದಿನ ಒಂದು ಸಾಲು ಊಹಿಸಿದೆ, ಎರಡನೆಯ ದಿನ ಎರಡು. ಆಮೇಲೆ ಓದು ಯಾವುದು, ಊಹೆ ಯಾವುದು ಎಂದು ನನಗೇ ಬೇರ್ಪಡಿಸಲಾಗದಷ್ಟು ಪ್ರವೀಣನಾದೆ. ಕೀಲೆಣ್ಣೆ ಎಲ್ಲೆಲ್ಲಿ ಹಾಕಬೇಕು, ಬ್ರೇಕಿನ ತಂತಿ ಎಷ್ಟು ಬಿಗಿಯಬೇಕು, ಯಾವ ನಟ್ಟು ಎಷ್ಟು ತಿರುಗಬೇಕು ಎಂದು ಪುಸ್ತಕದ ಮೇಲೆ ಬೆರಳಿಟ್ಟು, ಗಂಭೀರ ಸ್ವರದಲ್ಲಿ ಹೇಳುತ್ತಿದ್ದೆ. ಕಾಕಾ ಅಕ್ಷರಶಃ ಹಾಗೆಯೇ ಮಾಡುತ್ತಿದ್ದರು. ಮೋಟಾರು ಹೇಗೋ ನಡೆಯುತ್ತಿತ್ತು. ಇದರಿಂದ ನನ್ನ ಊಹೆಗಳ ಮೇಲೆ ನನಗೂ ಭಕ್ತಿ ಹುಟ್ಟಿತ್ತು.

ಒಂದು ಸಂಜೆ ಕಾಕಾ ಬಹಳ ದಿನಗಳಿಂದ ತಮ್ಮನ್ನು ಕಾಡುತ್ತಿದ್ದ ಸಂದೇಹವನ್ನು ನನ್ನ ಮುಂದಿಟ್ಟರು. ಸೋಮವಾರ ಬಸವಣ್ಣನ ದಿನ, ನಮ್ಮಲ್ಲಿ ಅಂದು ಎತ್ತುಗಳನ್ನು ಹೂಡುವುದಿಲ್ಲ. ಅವುಗಳ ಮೈ ತೊಳೆದು, ಮೇವು ಹಾಕಿ, ಹಣೆಗೆ ವಿಭೂತಿ ಹಚ್ಚಿ ಸುಮ್ಮನೆ ಬಿಡುತ್ತೇವೆ. ಮೋಟಾರಿಗೆ ಈ ಕಟ್ಟಳೆ ಅನ್ವಯಿಸುತ್ತದೆಯೋ ಇಲ್ಲವೋ?

“ಎತ್ತಿನ ಕೆಲಸ ಮಾಡತೈತಿ ಅಂದಮ್ಯಾಲ ಎತ್ತಿನ ರೀತಿನೂ ಬೇಕಲ್ಲ ತಮ್ಮಾ. ಪುಸ್ತಕದಾಗ ಬಿಡುವಿನ ಬಗ್ಗೆ ಏನರ ಐತೇನ ನೋಡು,” ಎಂದರು.

ದಿನವೂ ಬೆಳಿಗ್ಗೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಇಂಜಿನ್ನನ್ನು ಎಬ್ಬಿಸುವವನು ನಾನು. ಅದು ಒಮ್ಮೊಮ್ಮೆ ಹಿಂದಕ್ಕೆ ಒದ್ದು ಮಣಿಕಟ್ಟು ಊದಿಸುತ್ತಿತ್ತು. ಆ ವಾರ ನನ್ನ ಬಲಗೈ ಅನ್ನ ಕಲಸಲೂ ಒಲ್ಲೆನ್ನುತ್ತಿತ್ತು. ಪುಟ ಮಗುಚಿದೆ, ಯಾವುದೋ ಚಿತ್ರದ ಕೆಳಗೆ ಬೆರಳಿಟ್ಟೆ. “ಐತ್ರಿ ಕಾಕಾ. ವಾರಕ್ಕ ಒಂದಿನ ಚಾಲೂ ಮಾಡಬಾರದಂತ. ಮಾಡಿದರ ನಡುದಾರ್ಯಾಗ ಇಂಜಿನ್ ಒಡಿತೈತಂತ,” ಎಂದುಬಿಟ್ಟೆ. ಇಂಜಿನ್ ಒಡೆಯುವ ಮಾತು ಬೇಕಿರಲಿಲ್ಲ. ಸುಳ್ಳಿಗೆ ಸ್ವಲ್ಪ ಭಾರ ಇರಲಿ ಎಂದು ಸೇರಿಸಿದೆ. ವಿಲಾಯತಿಯವರಿಗೂ ಈ ತಿಳಿವಳಿಕೆ ಇದೆಯಲ್ಲ ಎಂದು ಕಾಕಾರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ನನಗೆ ಬಿಡುವು ಸಿಕ್ಕಿತೆಂದು ತಿಳಿಯಬೇಡಿ. ಚಾಲೂ ಮಾಡದ ದಿನ ಚಾಕರಿ ಮಾಡಬೇಕೆಂದು ಕಾಕಾ ಸೋಮವಾರವನ್ನು ಪೂರ್ಣ ಸೇವೆಗೆ ಮೀಸಲಿಟ್ಟರು. ಮೈ ತೊಳೆಯುವುದು, ಪ್ಲಗ್ಗುಗಳನ್ನು ಬಿಚ್ಚಿ ಉಜ್ಜುವುದು, ಗಾಲಿ ಕಳಚಿ ಕೀಲೆಣ್ಣೆ ಬಳಿಯುವುದು, ಹಳೆಯ ಎಣ್ಣೆ ಇಳಿಸಿ, ಬಟ್ಟೆಯಲ್ಲಿ ಸೋಸಿ, ಅದನ್ನೇ ಮತ್ತೆ ಹಾಕುವುದು. ಕೊನೆಗೆ ರೇಡಿಯೇಟರಿಗೆ ಮೂರು ಬೆರಳಿನ ವಿಭೂತಿ. ಉಳಿದ ಆರು ದಿನ ಹ್ಯಾಂಡಲ್ ತಿರುಗಿಸುವುದೇ ಲೇಸೆನಿಸುವಷ್ಟು ನನ್ನ ಸೊಂಟ ಹಿಡಿದುಕೊಳ್ಳುತ್ತಿತ್ತು. ಸ್ವಯಂಕೃತಾಪರಾಧಕ್ಕೆ ಸೊಂಟದಷ್ಟು ಪ್ರಾಮಾಣಿಕ ಸಾಕ್ಷಿ ಬೇರೊಂದಿಲ್ಲ.

ಹೀಗೆ ಎಷ್ಟೋ ಸೋಮವಾರಗಳು ಕಳೆದವು. ಅಂಥದೇ ಒಂದು ಸೋಮವಾರ, ಬಿಸಿಲು ಇನ್ನೂ ಏರದ ಹೊತ್ತಿನಲ್ಲಿ, ಎಣ್ಣೆ ಸೋಸುವಾಗ ನಾನು ಅಂಗಳದ ಕಲ್ಲಿನ ಮೇಲೆ ಚೆಲ್ಲಿದ್ದೆ. ಕೊಡ ಹೊತ್ತು ಬಂದ ಕಾಕೂ ಅದರ ಮೇಲೆ ಕಾಲಿಟ್ಟು ಜಾರಿ ಬಿದ್ದಳು. ತೊಡೆಯ ಮೂಳೆ ಮುರಿದದ್ದು ಕಣ್ಣಿಗೇ ಕಾಣುತ್ತಿತ್ತು. ಓಣಿಯಲ್ಲಿದ್ದ ಎಲುಬು ಕೂಡಿಸುವ ಅಜ್ಜ ಬಂದು ನೋಡಿ, ಇದು ತನ್ನ ಕೈಗೆ ಮೀರಿದ್ದು, ಮಿರಜದ ದೊಡ್ಡ ದವಾಖಾನೆಗೇ ಒಯ್ಯಿರಿ, ಅಲುಗಿಸದೆ ಒಯ್ಯಿರಿ ಎಂದ. ರೈಲಿತ್ತು, ಟಾಂಗಾ ಇತ್ತು. ಆದರೆ ಹೊರಸಿನ ಮೇಲೆ ಮಲಗಿಸಿದಂತೆಯೇ ಕೊಂಡೊಯ್ಯಲು ಎರಡರಲ್ಲೂ ಸಾಧ್ಯವಿರಲಿಲ್ಲ. ಅಂಗಳದಲ್ಲಿ ಮೋಟಾರು ಹಲಗೆಯ ತೊಟ್ಟಿ ತೆರೆದುಕೊಂಡು ನಿಂತಿತ್ತು. ಕಾಕಾ ಅದರ ಕಡೆಗೆ ನೋಡಲೂ ಇಲ್ಲ. ಕೊಟ್ಟಿಗೆಗೆ ಹೋಗಿ ಎತ್ತುಗಳ ಹಗ್ಗ ಬಿಚ್ಚತೊಡಗಿದರು.

“ಸೋಮವಾರ ಐತ್ರಿ ಕಾಕಾ,” ಎಂದೆ, ಏನು ಹೇಳುತ್ತಿದ್ದೇನೆಂದು ತಿಳಿಯದೆ.

“ಗೊತ್ತೈತಿ. ಬಸವಣ್ಣನ ಕಾಲಿಗೆ ಬಿದ್ದು ಹೇಳ್ಕೊಂತೀನಿ, ಅಂವ ತಿಳ್ಕೊಂತಾನ. ಯಂತ್ರಕ್ಕ ಯಾರ ಕಾಲಿಗೆ ಬೀಳೂದು? ನಡುದಾರ್ಯಾಗ ಒಡದರ ಆಕಿ ಗತಿ ಏನು?”

ಚಕ್ಕಡಿ ತಂದು ನಿಲ್ಲಿಸಿದರು. ಹೊರಸನ್ನು ಎತ್ತಿ ಇಟ್ಟ ಮೇಲೆ ಎತ್ತುಗಳು ಒಂದೇ ಹೆಜ್ಜೆ ಇಟ್ಟಿರಬೇಕು. ಗಾಲಿ ಒಂದು ಸಣ್ಣ ಕಲ್ಲು ಹತ್ತಿ ಇಳಿಯಿತು. ಅಷ್ಟಕ್ಕೇ ಕಾಕೂ ನರಳಿದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ನನಗೆ ಜ್ವರ ಬಂದಾಗ ರಾತ್ರಿಯಿಡೀ ಕೂತವಳು ಅವಳು. ಮಿರಜಕ್ಕೆ ಆರು ಮೈಲಿ, ದಾರಿಯ ತುಂಬ ಕಲ್ಲು. ನಾನು ಎತ್ತಿನ ಮೂಗುದಾರ ಹಿಡಿದು ನಿಂತೆ.

“ಕಾಕಾ, ಪುಸ್ತಕದಾಗ ಹಂಗ ಏನೂ ಇಲ್ರಿ. ಸೋಮವಾರದ ಮಾತು ನಾನಽ ಹುಟ್ಟಿಸಿದ್ದು,” ಎಂದೆ.

ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದುಕೊಂಡಿದ್ದೆ. ಕಾಕಾ ಕೇಳಿದ ಪ್ರಶ್ನೆ ಹೊಡೆತಕ್ಕಿಂತ ಕಠಿಣವಾಗಿತ್ತು. “ಹಂಗಾರ ಬಾಕಿದ್ದರಾಗ ಯಾವುದು ಖರೆ, ಯಾವುದು ಸುಳ್ಳು? ಆಕಿನ್ನ ಅದರಾಗ ಮಲಗಿಸಬೇಕಾಗೇತಿ. ಬ್ರೇಕಿಂದು?”

“ಚಿತ್ರ ನೋಡಿ ಹೇಳಿದ್ದೆರಿ.”

“ಗಾಲಿ ನಟ್ಟು?”

“ಅದು ಮಿಸ್ತ್ರಿ ಹೇಳಿದ್ದು. ಖರೆ ಐತ್ರಿ.”

“ಎಣ್ಣಿ ಸೋಸಿ ಮತ್ತ ಹಾಕೂದು?”

“ಗೊತ್ತಿಲ್ರಿ ಕಾಕಾ. ಆ ಪುಸ್ತಕ ನನಗ ಅರ್ಧಾನೂ ತಿಳಿಯೂದಿಲ್ಲ.”

ಎರಡು ವರ್ಷ ನುಂಗಿಕೊಂಡಿದ್ದ ಮಾತು ಇದೊಂದೇ. ಹೇಳಿದ ಮೇಲೆ ಹಗುರವಾಗಬೇಕಿತ್ತು, ಆಗಲಿಲ್ಲ. ನನಗೆ ಭಯವಾಯಿತು, ನಾಚಿಕೆಯೂ ಆಯಿತು. ಯಾವ ಸಾಲನ್ನು ಓದಿದ್ದೆ, ಯಾವುದನ್ನು ಕಟ್ಟಿದ್ದೆ ಎಂದು ನೆನಪಿಸಿಕೊಳ್ಳಲು ನಿಜವಾಗಿಯೂ ಹೆಣಗಿದೆ. ತಲೆಯಲ್ಲಿ ಎಲ್ಲವೂ ಕಲಸಿಹೋಗಿತ್ತು.

ಹೊಸ ಎತ್ತು ಕೊಳ್ಳುವಾಗ ಅದರ ಕಾಲು, ಗೊರಸು, ಹಲ್ಲು ಮುಟ್ಟಿ ನೋಡುವ ರೀತಿಯಲ್ಲಿ ಕಾಕಾ ಮೋಟಾರಿನ ಸುತ್ತ ಬಂದರು. ಪ್ರತಿಯೊಂದು ಗಾಲಿಯನ್ನೂ ಒದ್ದು ಶಬ್ದ ಕೇಳಿದರು, ನಟ್ಟುಗಳನ್ನು ತಾವೇ ಬಿಗಿದರು, ನನ್ನಿಂದ ಪ್ಲಗ್ಗುಗಳನ್ನು ಕೂಡಿಸಿ, ಸೋಸಿದ ಎಣ್ಣೆಯನ್ನು ಚೆಲ್ಲಿಸಿ ಡಬ್ಬಿಯಲ್ಲಿದ್ದ ಹೊಸ ಎಣ್ಣೆ ಹಾಕಿಸಿದರು. ನಾನು ಹ್ಯಾಂಡಲ್ ತಿರುಗಿಸಿದೆ. ಹೊಳೆಯ ಕಡೆ ಇಳಿಯುವ ಓಣಿಯಲ್ಲಿ ಬರಿಯ ಮೋಟಾರನ್ನೇ ಮೂರು ಸಲ ಇಳಿಸಿ ಮೂರು ಸಲ ನಿಲ್ಲಿಸಿ ನೋಡಿದರು. ಮೊದಲ ಸಲ ಅದು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ನಾನು ಚಿತ್ರ ನೋಡಿ ಬಿಗಿಸಿದ್ದ ಬ್ರೇಕಿನ ತಂತಿಯನ್ನು ಕಾಕಾ ಇನ್ನೆರಡು ಸುತ್ತು ಬಿಗಿದರು. ಆಮೇಲೆ ನಿಂತಿತು.

ಬೆಲ್ಲದ ಚೀಲಗಳಿಗೆ ಹೊಟ್ಟು ತುಂಬಿಸಿ ಹಾಸಿ ಅದರ ಮೇಲೆ ಹೊರಸು ಇಟ್ಟೆವು. “ನಾ ಏನ ಅರಿಷಿಣ ಚೀಲ ಅಲ್ಲ, ಮೆಲ್ಲಕ ಇಡ್ರಿ,” ಎಂದಳು ಕಾಕೂ, ಅಂಥ ನೋವಿನಲ್ಲೂ. ನಾನು ಹಿಂದೆ ಕುಳಿತು ಹೊರಸನ್ನು ಅಪ್ಪಿ ಹಿಡಿದುಕೊಂಡೆ. ಕಾಕಾ ಮನುಷ್ಯರು ನಡೆದು ದಾಟುವಷ್ಟು ನಿಧಾನವಾಗಿ ಓಡಿಸಿದರು. ಒಬ್ಬಿಬ್ಬರು ನಿಜವಾಗಿಯೂ ದಾಟಿ ಮುಂದೆ ಹೋದರು. ಹಳದಿ ಹಬೆ ಏಳುತ್ತಲೇ ಇತ್ತು. ಆರು ಮೈಲಿಯುದ್ದಕ್ಕೂ ಒಂದೊಂದು ಹೊಸ ಶಬ್ದ ಕೇಳಿದಾಗಲೂ ಇದು ನಾನು ಹೇಳಿದ ಸುಳ್ಳಿನ ಶಬ್ದವೋ, ಮೋಟಾರಿನ ಸಹಜ ಶಬ್ದವೋ ಎಂದು ಲೆಕ್ಕ ಹಾಕುತ್ತ ಕುಳಿತಿದ್ದೆ. ಇಂಜಿನ್ ಒಡೆಯಲಿಲ್ಲ. ದವಾಖಾನೆಯಲ್ಲಿ ಕಾಲಿಗೆ ಭಾರ ಕಟ್ಟಿ ಮಲಗಿಸಿದರು. ಮೂಳೆ ಕೂಡಲು ತಿಂಗಳುಗಳೇ ಹಿಡಿದವು, ಕೂಡಿದ ಮೇಲೂ ನಡಿಗೆಯಲ್ಲಿ ಸ್ವಲ್ಪ ವಾಲು ಉಳಿಯಿತು. ಅಂಗಳದಲ್ಲಿ ಅವಳು ಹಾಗೆ ವಾಲಿ ನಡೆಯುವುದನ್ನು ನೋಡಿದಾಗಲೆಲ್ಲ ನನ್ನ ತಲೆ ತಾನಾಗಿ ತಗ್ಗುತ್ತಿತ್ತು.

ಕಾಕೂ ಬಿದ್ದ ಮುಂದಿನ ಸೋಮವಾರವೂ ಮೋಟಾರನ್ನು ಚಾಲೂ ಮಾಡಲಿಲ್ಲ. ಬಿಡುವಿನ ಕಟ್ಟಳೆ ಪುಸ್ತಕದ್ದಲ್ಲದಿದ್ದರೆ ತಮ್ಮದು, ಅದು ಇರಲಿ ಎಂದರು ಕಾಕಾ. ಬೆಳಗಿನ ಸೇವೆ ಮುಗಿದ ಮೇಲೆ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟರು. ನಾನು ಅದನ್ನು ಇನ್ನೆಂದೂ ಮುಟ್ಟಬೇಕಾಗುವುದಿಲ್ಲ ಎಂದುಕೊಂಡಿದ್ದೆ.

“ಓದು. ಗೊತ್ತಿಲ್ಲದಲ್ಲಿ ಗೊತ್ತಿಲ್ಲಂತ ಓದು,” ಎಂದರು.

ಓದಿದೆ. ಇಲ್ಲಿ ನೀರು ಎಂದಿದೆ, ಮುಂದಿನದು ಗೊತ್ತಿಲ್ಲ. ಇದು ಗೊತ್ತಿಲ್ಲ. ಇಲ್ಲಿ ನಿಧಾನವಾಗಿ ಎಂದಿದೆ, ಏನನ್ನು ಎಂಬುದು ಗೊತ್ತಿಲ್ಲ. ಮೊದಮೊದಲು ದನಿ ತಗ್ಗುತ್ತಿತ್ತು, ನಾಲ್ಕಾರು ಸಾಲು ದಾಟಿದ ಮೇಲೆ ಅಭ್ಯಾಸವಾಯಿತು. ಕಾಕಾ ಅದೇ ಭಂಗಿಯಲ್ಲಿ, ಮೊಣಕಾಲಿನ ಮೇಲೆ ಕೈಯಿಟ್ಟು, ಮೊದಲಿನಷ್ಟೇ ಶ್ರದ್ಧೆಯಿಂದ ಕೇಳಿದರು. ನಾನು ಗೊತ್ತಿಲ್ಲ ಎಂದಾಗಲೆಲ್ಲ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಆ ಸಾಲಿನ ಪಕ್ಕದಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಮಿರಜಕ್ಕೆ ಕಾಕೂನನ್ನು ನೋಡಲು ಹೋದಾಗ ಮಿಸ್ತ್ರಿಗೆ ಕೇಳಬೇಕಾದವು ಅವು. ಊಟದ ಹೊತ್ತಿಗೆ ಒಂದೇ ಪುಟ ಮುಗಿದಿತ್ತು, ಅದರ ಅಂಚಿನ ತುಂಬ ಗೆರೆಗಳು. ಕಾಕಾ ಪುಸ್ತಕವನ್ನು ಎತ್ತಿ ಹಿಡಿದು ಆ ಗೆರೆಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಈಗ ಓದಿದಂಗಾತು,” ಎಂದರು.