ಸೂಜಿ ಅಕ್ಕನ ಕಾಮಾಲೆ

ಮೇ ತಿಂಗಳ ಮಟಮಟ ಮಧ್ಯಾಹ್ನ ಬಾಗಿಲು ತೆಗೆದರೆ, ಹೊಸ್ತಿಲ ಹೊರಗೆ ನನ್ನ ಇನ್ಸುಲಿನ್ ಬಾಟಲಿ ಕೂತಿತ್ತು. ಯಾರೋ ಅದನ್ನು ಹಳೇ ಪೇಪರಿನ ತುಂಡಿನ ಮೇಲಿಟ್ಟು, ಬಾಗಿಲು ಬಡಿದು ಹೋಗಿದ್ದರು. ಯಾರೋ ಏನು ಬಂತು, ಎದುರು ಖೋಲಿಯ ವಹಿನಿಯೇ. ಮರಾಠಿಯಲ್ಲಿ ಖೋಲಿ ಅಂದರೆ ಕೋಣೆ, ವಹಿನಿ ಅಂದರೆ ಅತ್ತಿಗೆ, ನೆರೆಯ ಹೆಂಗಸನ್ನು ಇಲ್ಲಿ ಹಾಗೇ ಕರೆಯುತ್ತಾರೆ. ಎರಡು ವರ್ಷದಿಂದ ಆ ಬಾಟಲಿ ಅವಳ ಫ್ರಿಜ್ಜಿನಲ್ಲಿತ್ತು. ಸಾಲು ಖೋಲಿಗಳ ನಮ್ಮ ಇಡೀ ಚಾಳಿಗೆ ಇದ್ದದ್ದು ಅದೊಂದೇ ಫ್ರಿಜ್ಜು. ನಮ್ಮ ಬಿಜಾಪುರದಲ್ಲಿ ಮನಸ್ತಾಪವಾದರೆ ಓಣಿಯಲ್ಲಿ ನಿಂತು ಬಾಯಿಗೆ ಬಂದಂತೆ ಬೈಯುತ್ತಾರೆ, ನಾವೂ ಬೈದು ಹಗುರಾಗುತ್ತೇವೆ. ಇಲ್ಲಿ ತುಟಿ ಪಿಟಕ್ ಅನ್ನದೆ ನಿಮ್ಮ ಜೀವವನ್ನು ತಂದು ಬಿಸಿಲಿಗೆ ಇಟ್ಟು ಹೋಗುತ್ತಾರೆ.

ನನಗೆ ಹದಿನೇಳನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ದಿನಾ ಸೂಜಿ ಚುಚ್ಚಿಕೊಳ್ಳದಿದ್ದರೆ ನಾನಿಲ್ಲ. ನಮ್ಮವರಿಗೆ ಶಹಾಡ್ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಎಪ್ಪತ್ತರ ದಶಕದ ಕೊನೆಗೆ ಮುಂಬೈ ಪಕ್ಕದ ಕಲ್ಯಾಣಕ್ಕೆ ಬಂದೆವು. ಖೋಲಿ ಹುಡುಕುವಾಗ ಮಾಲೀಕರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: ಯಾವ ಜನ, ಎಷ್ಟು ಜನ. ನನ್ನ ಕಾಯಿಲೆಯ ಸುದ್ದಿ ಎತ್ತಲೇಬಾರದೆಂದು ನಮ್ಮವರು ತಾಕೀತು ಮಾಡಿದ್ದರು. ಸಿಕ್ಕ ಖೋಲಿಯಲ್ಲಿ ಇಬ್ಬರು ಕಾಲು ಚಾಚಿದರೆ ಮೂರನೆಯವರು ನಿಂತಿರಬೇಕು. ನಳದ ಮುಂದಿನ ಸಾಲಿನಲ್ಲಿ ಮರಾಠಿ ಕಲಿತೆ. ಮೊದಲು ಕಲಿತದ್ದು ಬೈಗುಳ, ಯಾಕೆಂದರೆ ನನಗೆ ಸಿಕ್ಕಿದ್ದು ಅದೇ.

ಊರಲ್ಲಿ ನಾನು 'ಸಕ್ರಿ ರೋಗದ ಹುಡುಗಿ' ಆಗಿದ್ದೆ. ಇಲ್ಲಿ ಅದೇ ರೋಗ ನನಗೆ ಒಂದು ಹೆಸರು ತಂದುಕೊಟ್ಟಿತು. ಚಾಳಿನ ಹಿಂದಿನ ಸಾಲಿನಲ್ಲಿ ನಮ್ಮ ಕಡೆಯ ಜನ ಇದ್ದರು, ಇಂಡಿ, ಸಿಂದಗಿ, ಹೊರ್ತಿ ಕಡೆಯವರು. ಗಂಡಸರು ಮೂಟೆ ಹೊರುವವರು, ಹೆಂಗಸರು ಕಟ್ಟಡಕ್ಕೆ ಉಸುಕು ಹೊರುವವರು. ಗುಳಿಗೆ ಕೊಟ್ಟರೆ ಅವರಿಗೆ ಔಷಧ ಅನ್ನಿಸುತ್ತಲೇ ಇರಲಿಲ್ಲ, ಸೂಜಿಯೇ ಬೇಕು. ಓಣಿಯ ಕಂಪೌಂಡರನೋ ಇವರ ಭಾಷೆ ಕೇಳಿದ ಕೂಡಲೇ 'ಚಲ್ ಹಟ್' ಅನ್ನುತ್ತಿದ್ದ. ಹಾಗಾಗಿ ಅಂಗಡಿಯಿಂದ 'ತಾಕತ್ತಿನ ಸೂಜಿ'ಯ ಔಷಧ ತಂದು ಭಾನುವಾರ ನನ್ನ ಬಾಗಿಲಿಗೆ ಬರುತ್ತಿದ್ದರು. ನಾನು ನನ್ನದೇ ಗಾಜಿನ ಸಿರಿಂಜಿನಲ್ಲಿ ಎಳೆದು ಚುಚ್ಚುತ್ತಿದ್ದೆ. ಬೆಳಿಗ್ಗೆ ಒಮ್ಮೆ ಕುದಿಸುವುದು, ಆಮೇಲೆ ಒಬ್ಬರಿಂದ ಒಬ್ಬರಿಗೆ ಬಿಸಿನೀರಿನ ಲೋಟದಲ್ಲಿ ಅದ್ದುವುದು. ನಮ್ಮೂರಿಗೆ ಬರುತ್ತಿದ್ದ ಸೂಜಿ ಡಾಕ್ಟರ್ ಹಾಗೇ ಮಾಡುತ್ತಿದ್ದ. ಮಡಿ ಅಂದರೆ ಅದೇ ಎಂದುಕೊಂಡಿದ್ದೆ. ಅವರು ನನ್ನನ್ನು 'ಸೂಜಿ ಅಕ್ಕ' ಅಂದರು. ಸುಳ್ಳು ಯಾಕೆ ಹೇಳಲಿ, ಭಾನುವಾರ ಬಂದರೆ ನಾನು ಒಳ್ಳೇ ಸೀರೆ ಉಟ್ಟು ಕೂಡುತ್ತಿದ್ದೆ.

ಆ ಬೇಸಿಗೆ ನನಗೆ ಕಾಮಾಲೆಯಾಯಿತು. ಕಣ್ಣು, ಉಗುರು ಎಲ್ಲ ಅರಿಶಿಣ. ಬರೀ ಕಾಮಾಲೆಯಾಗಿದ್ದರೆ ಮಲಗಿ ಎದ್ದೇನು. ಸಕ್ಕರೆಯವಳಿಗೆ ಕಾಮಾಲೆ ಅಂದರೆ ಹಿಂದೆ ಹೋದರೆ ಹಳ್ಳ, ಮುಂದೆ ಹೋದರೆ ಹೊಳೆ. ತುತ್ತು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಉಣ್ಣದೆ ಇನ್ಸುಲಿನ್ ತಗೊಂಡರೆ ಕೈಕಾಲು ನಡುಗಿ ಕಣ್ಣು ಕತ್ತಲೆ. ತಗೊಳ್ಳದಿದ್ದರೆ ಸಕ್ಕರೆ ಏರಿ ನಾಲಿಗೆ ಒಣಗಿ ಕಟ್ಟಿಗೆ. ಚಾಳಿನವರಿಗೆ ಇದ್ಯಾವುದೂ ಬೇಡ. ಕಾಮಾಲೆಗೆ ಮರಾಠಿಯಲ್ಲಿ 'ಕಾವೀಳ' ಅಂದರು, ಅಂಟುತ್ತದೆಂದು ನಳದ ಸಾಲಿನಿಂದ ನನ್ನ ಕೊಡ ತೆಗೆದಿಟ್ಟರು. ಮರುದಿನವೇ ಬಾಟಲಿ ಹೊಸ್ತಿಲಿಗೆ ಬಂತು. ಒದ್ದೆ ಬಟ್ಟೆ ಸುತ್ತಿ ಬಚ್ಚಲಲ್ಲಿಟ್ಟೆ. ಆ ಬೇಗೆಯಲ್ಲಿ ಔಷಧದ ಗುಣ ಹೋಯಿತೋ ಏನೋ, ಚುಚ್ಚಿಕೊಂಡರೂ ಸಕ್ಕರೆ ಇಳಿಯಲೊಲ್ಲದು.

ಒಳಗೆ ಕಾಲಿಟ್ಟವಳು ನೀಲಮ್ಮ ಒಬ್ಬಳೇ. ಹೊರ್ತಿ ಕಡೆಯವಳು, ಅವಳ ಗಂಡ ಶರಣಪ್ಪ ಹಮಾಲಿ, ಪ್ರತಿ ಭಾನುವಾರ ನನ್ನ ಕೈಯಲ್ಲಿ ಸೂಜಿ ಹಾಕಿಸಿಕೊಳ್ಳುವವನು. ಸ್ಟೇಷನ್ ಹತ್ತಿರದಿಂದ ಚೊಂಬಿನಲ್ಲಿ ಕಬ್ಬಿನ ಹಾಲು ಹಿಡಿಸಿಕೊಂಡು ಬಿಸಿಲಲ್ಲಿ ನಡೆದು ಬಂದಿದ್ದಳು.

"ಕುಡಿ ಯಕ್ಕಾ. ಕಾಮಣಿಗಿ ಇದರಂಥಾ ಔಷಧ ಇಲ್ಲ."

ಕಾಮಾಲೆಗೆ ಕಬ್ಬಿನ ಹಾಲು ಕೊಡುವುದು ಅಲ್ಲೂ ಉಂಟು, ಇಲ್ಲೂ ಉಂಟು. ನನ್ನ ಪಾಲಿಗೆ ಅದು ವಿಷ. ಮೈಯಲ್ಲಿದ್ದ ಸಿಟ್ಟೆಲ್ಲ ಅವಳ ಮೇಲೆ ಹೋಯಿತು.

"ನನ್ನ ಕೊಲ್ಲಾಕ ಬಂದೀಯೇನ? ಸಕ್ರಿ ಐತಿ ಅಂತ ಗೊತ್ತಿಲ್ಲೇನ ನಿನಗ? ತಗೊಂಡು ನಡಿ!"

ಪಾಪದವಳು, ಚೊಂಬು ಎತ್ತಿಕೊಂಡು ಹೋದಳು.

ನಾನು, ನಮ್ಮವರು ಠಾಣೆ ಊರಿನ ದೊಡ್ಡ ಆಸ್ಪತ್ರೆಗೆ ಹೋದೆವು. ರಕ್ತ ತೆಗೆದು ಏನೋ ಹೊಸ ಪರೀಕ್ಷೆ ಮಾಡಿದರು. ಅದಕ್ಕೆ ಆಸ್ಟ್ರೇಲಿಯಾದ ಹೆಸರಂತೆ. ಕುರ್ಲಾದಾಚೆಗೇ ಸರಿಯಾಗಿ ಕಾಲಿಡದ ನನಗೆ ಆಸ್ಟ್ರೇಲಿಯಾದ ರೋಗ! ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡುವವರು.

"ನೋಡಿ ಅಮ್ಮಾ, ಇದು ನೀರಿನಿಂದ ಬರುವ ಕಾವೀಳ ಅಲ್ಲ. ರಕ್ತದಿಂದ ಬರುವುದು, ಸೂಜಿಯಿಂದ ಬರುವುದು. ಈಗೀಗ ಇದು ಗೊತ್ತಾಗುತ್ತಿದೆ. ನಿಮ್ಮ ಸೂಜಿ ಬೇರೆಯವರಿಗೆ ಚುಚ್ಚಿದ್ದುಂಟೇ?"

"ಇಲ್ಲ" ಅಂದೆ. ನಮ್ಮವರು ಕ್ಯಾಲೆಂಡರ್ ನೋಡುತ್ತ ಕೂತರು.

ಚಾಳಿನವರು ಮುಟ್ಟಿಸಿಕೊಳ್ಳುತ್ತಿಲ್ಲವೆಂದು ನಾನು ಅತ್ತಾಗ ಡಾಕ್ಟರೇ ಮರಾಠಿಯಲ್ಲಿ ಒಂದು ಚೀಟಿ ಬರೆದುಕೊಟ್ಟರು: ಇದು ಮುಟ್ಟಿದರೆ ಬರುವುದಿಲ್ಲ, ನಳದಿಂದ, ಫ್ರಿಜ್ಜಿನಿಂದ ಬರುವುದಿಲ್ಲ, ಒಬ್ಬರ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಬರುತ್ತದೆ. ಲೋಕಲ್ ಟ್ರೇನಿನಲ್ಲಿ ಕೂತು ಅದನ್ನು ಮಡಚಿದೆ, ಬಿಚ್ಚಿದೆ. ಮೊದಲ ಸಾಲು ತೋರಿಸಿದರೆ ಫ್ರಿಜ್ಜಿನ ಬಾಗಿಲು ತೆರೆಯುತ್ತದೆ. ಕೊನೆಯ ಸಾಲು ಓದಿದರೆ ನಮ್ಮ ಕಡೆಯ ಜನರ ಮುಂದೆಯೇ ನಾನು ಕಳ್ಳಿ.

"ತೋರಸಬ್ಯಾಡ. ಹಿಂದಿನ ಸಾಲಿನ ಮಂದಿ ನಮ್ಮನ್ನ ಉಳಸ್ತಾರೇನ?" ಅಂದರು ನಮ್ಮವರು.

"ಮತ್ತ ಬಾಟಲಿ ಎಲ್ಲಿಡಲಿ? ನಿಮ್ಮ ತಲೀ ಮ್ಯಾಲ?"

ಎರಡು ದಿನ ತಡೆದೆ. ಮೂರನೆಯ ದಿನ ಬಾಯಾರಿಕೆಯಲ್ಲಿ ಗೋಡೆ ಹಿಡಿದು ನಡೆಯುವಂತಾದಾಗ ಹೊಸ ಬಾಟಲಿ ತರಿಸಿ, ಎದುರು ಖೋಲಿಗೆ ಹೋಗಿ ಚೀಟಿ ಚಾಚಿದೆ. ವಹಿನಿ ಎರಡು ಸಲ ಓದಿದಳು. ನಾಚಿಕೆಯಾಯಿತೋ ಏನೋ, ಬಾಟಲಿ ತಾನೇ ಇಸಿದುಕೊಂಡು ಫ್ರಿಜ್ಜಿನಲ್ಲಿಟ್ಟಳು. ಆಮೇಲೆ ತಿರುಗಿ ಕೇಳಿದಳು:

"ಮಗ ತುಮ್ಚೇ ಕಾನಡಿ ಲೋಕ್?" ಹಾಗಾದರೆ ನಿಮ್ಮ ಕನ್ನಡದ ಜನ?

ಭಾನುವಾರ ಸೂಜಿಗೆಂದು ನಿಲ್ಲುವ ಸಾಲು ಅವಳ ಕಿಟಕಿಗೆ ನೇರ ಕಾಣುತ್ತಿತ್ತು. ನಾನು ಚೀಟಿ ಮಡಚಿಕೊಂಡು ಹೊರಗೆ ಬಂದೆ. ಸಂಜೆಯೊಳಗೆ ನಳದ ಮುಂದೆ ಎಲ್ಲರ ಬಾಯಲ್ಲೂ ಅದೇ.

ಮರುದಿನ ಬೆಳಿಗ್ಗೆ ನೀಲಮ್ಮ ಬಂದಳು. ಈ ಸಲ ಹೊಸ್ತಿಲ ಹೊರಗೇ ನಿಂತಳು.

"ಯಕ್ಕಾ, ನಮ್ಮವ್ರ ಕಣ್ಣು ಹಳದಿ ಆಗ್ಯಾವು. ಸೂಜೀಲಿಂದ ಬರತೈತಂತಲ್ಲ, ಖರೇ ಏನು?"

ಹೌದು ತಂಗಿ, ನನ್ನಿಂದ ತಪ್ಪಾಯಿತು, ಇವತ್ತೇ ಅವನನ್ನು ಠಾಣೆಯ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ. ಇಷ್ಟೇ ಹೇಳಬೇಕಿತ್ತು. ನನ್ನ ಹಾಳು ಬಾಯಿಂದ ಬಂದದ್ದು ಬೇರೆ.

"ಯಾರದು ಯಾರಿಗಿ ಬಂದೈತೋ ಯಾರ ಕಂಡಾರ? ನನಗೂ ಮೊದಲಿಂದ ಇರಲಿಲ್ಲ."

ನೀಲಮ್ಮ ಅಲ್ಲೇ ಬಗ್ಗಿ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಹಂಗಂದ್ರ ನಾವ ನಿನಗ ಹಚ್ಚೀವೇನ ಯಕ್ಕಾ? ಮೊದಲ ಸಕ್ರಿ ಇದ್ದಾಕಿ ನೀನು. ತಪ್ಪಾತು. ಸಿಟ್ಟಾಗಬ್ಯಾಡ."

ನಾನು ಅದನ್ನೂ ತಿದ್ದಲಿಲ್ಲ. ಮಳೆಗೆ ಮುಂಚೆ ಗಂಡನನ್ನು ಕರೆದುಕೊಂಡು ಅವಳು ಊರಿಗೆ ಹೋದಳು. ಸ್ಟೇಷನ್ನಿಗೆ ಹೊರಟಾಗ ಶರಣಪ್ಪ ಗಂಟು ಹೊರಲಾಗದೆ ಬರಿಗೈಯಲ್ಲಿ ನಡೆಯುತ್ತಿದ್ದ, ಗಂಟು ಅವಳ ತಲೆ ಮೇಲಿತ್ತು. ನಾನು ಕದದ ಸಂದಿಯಿಂದ ನೋಡಿದೆ.

ನಾನು ಉಳಿದೆ. ಸಿರಿಂಜನ್ನು ಮತ್ತೆ ಯಾರಿಗೂ ಹಿಡಿಯಲಿಲ್ಲ, ಕೇಳಲು ಯಾರೂ ಬರಲೂ ಇಲ್ಲ. ವಹಿನಿ ಈಗ ಹಬ್ಬಕ್ಕೆ ಕರೆಯುತ್ತಾಳೆ, ನನಗೆಂದು ಬೆಲ್ಲ ಹಾಕದ ಹೋಳಿಗೆ ಬೇರೆ ಮಾಡುತ್ತಾಳೆ. ಊರವರು ಕಾಗದ ಬರೆಯುತ್ತಾರೆ: ಆ ಹಾಳು ಚಾಳಿನಲ್ಲಿ ಏನಿದೆ, ವಾಪಸ್ ಬಂದುಬಿಡಿ. ನಿಜ, ಏನೂ ಇಲ್ಲ. ಈ ಊರನ್ನು ನಾನು ಒಂದು ದಿನವೂ ಪ್ರೀತಿಸಿಲ್ಲ, ಅದೂ ನನ್ನನ್ನು ಪ್ರೀತಿಸಿಲ್ಲ. ಆದರೆ ಇಲ್ಲಿ ನೀಲಮ್ಮನ ಹಾಗೆ ನನ್ನ ಮುಂದೆ ತಲೆ ಬಗ್ಗಿಸಿ ಕ್ಷಮೆ ಕೇಳುವವರು ಯಾರೂ ಇಲ್ಲ.

ವರ್ಷಕ್ಕೊಮ್ಮೆ ಊರಿಗೆ ಹೋಗುತ್ತೇನೆ. ಸೊಲ್ಲಾಪುರದಲ್ಲಿ ರೈಲು ಇಳಿದರೆ ಬಿಜಾಪುರದ ಬಸ್ಸು ಹೊರ್ತಿ ಮೇಲೆಯೇ ಹೋಗುತ್ತದೆ. "ಹೊರ್ತಿಯವ್ರು ಇಳೀರಿ" ಎಂದು ಕಂಡಕ್ಟರ್ ಕೂಗುತ್ತಾನೆ. ಕೆಳಗೆ ಚಹಾದಂಗಡಿಯ ಮುಂದೆ ನಮ್ಮ ಮಂದಿ, ನಮ್ಮ ಮಾತು. ಶರಣಪ್ಪ ಇದ್ದಾನೋ ಇಲ್ಲವೋ ಎಂದು ಅಲ್ಲಿ ಯಾರನ್ನು ಕೇಳಿದರೂ ಹೇಳಿಯಾರು. ಕೇಳಬೇಕೆಂದರೆ ಇಳಿಯಬೇಕು. ನಾನು ಇಳಿದಿಲ್ಲ.