ಎಲ್ವಾಳ ಬೆಣ್ಣೆ ಬ್ರೆಡ್ಡು

ಎಲ್ವಾ ಟ್ರೆಂಬಾತ್ ಹೊಟ್ಟೆಗಿಲ್ಲದೆ ಒದ್ದಾಡುತ್ತಿದ್ದಾಳೆಂದು ಮೂಂಟಾ ಊರಿಗೆಲ್ಲ ಸಾರಿದವನು ನಾನೇ. ಚರ್ಚಿನ ಹಳೇ ಸಾಮಾನಿನ ಅಂಗಡಿಯ ಹಿತ್ತಲಲ್ಲಿ, ಎಪ್ಪತ್ತು ದಾಟಿದ ಈ ಹೆಂಗಸು ಬೆಳಿಗ್ಗೆ ಎಂಟಕ್ಕೆ ಒಂದು ಮುರುಕು ಕಪಾಟಿನೊಳಗಿಂದ ಬ್ರೆಡ್ಡಿನ ತುಂಡು ತೆಗೆದು, ಕಣ್ಣುಮುಚ್ಚಿ ತಿನ್ನುವುದನ್ನು ಕಂಡೆ. ಚರ್ಚಿನ ವಾರಪತ್ರಿಕೆಯಲ್ಲಿ, ಹೆಸರು ಹೇಳದೆ ಆದರೆ ಎಲ್ಲರಿಗೂ ತಿಳಿಯುವಂತೆ, ನಾಲ್ಕು ಸಾಲು ಬರೆದೆ. ಸಂಜೆಯೊಳಗೆ ಅವಳ ಬಾಗಿಲಿಗೆ ಹನ್ನೊಂದು ಬುಟ್ಟಿ ಬಂದಿಳಿದವು.

ಮರುದಿನ ಎದುರು ಸಿಕ್ಕಳು. "ನೀನೇನಾ ಬರೆದೋನು? ಬೆಣ್ಣೆ ಕಳಿಸೋರಿಗೆ ಉಪ್ಪಿಲ್ಲದ್ದು ಕಳಿಸೋಕೆ ಹೇಳು. ಉಪ್ಪಿದ್ರೆ ನಾತ ಸರಿಯಾಗಿ ಗೊತ್ತಾಗಲ್ಲ."

ಹಳೇ ಮರದ ಸಾಮಾನಿಗೆ ಅಂಟಿದ ನಾತ ಬಿಡಿಸುವುದು ಅವಳ ಕೆಲಸ. ಬೆಣ್ಣೆ ಪಕ್ಕದಲ್ಲಿರುವುದರ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ತೊಳೆದು ಒಣಗಿಸಿದ ಕಪಾಟಿನೊಳಗೆ ಬೆಣ್ಣೆ ಸವರಿದ ಬ್ರೆಡ್ಡಿಟ್ಟು ರಾತ್ರಿಯೆಲ್ಲ ಮುಚ್ಚಿಡುತ್ತಾಳೆ. ಬೆಳಿಗ್ಗೆ ಅದು ಬರೀ ಬ್ರೆಡ್ಡಿನಂತಿದ್ದರೆ ಕೆಲಸ ಮುಗಿಯಿತು. ಯಾರಾದರೂ ಲ್ಯಾವೆಂಡರ್ ಸಿಂಪಡಿಸೋಣವೇ ಎಂದರೆ, "ನಾತಕ್ಕೆ ಅತ್ತರು ಹಚ್ಚಿದ್ರೆ ಎರಡು ನಾತ ಆಗುತ್ತೆ, ಅಷ್ಟೇ," ಎನ್ನುತ್ತಾಳೆ.

ಹೋದ ಫೆಬ್ರವರಿಯಲ್ಲಿ ಡೆಸ್ ಹಾಕಿಂಗ್ ತನ್ನ ಮನೆಯ ನಾಲ್ಕು ಡ್ರಾಯರಿನ ಬೀರು ಹೊರಿಸಿಕೊಂಡು ಬಂದ. ಅವರ ಮನೆತನದ ಕೂಸು ಆಸ್ಪತ್ರೆಯಿಂದ ಬಂದ ಮೊದಲ ರಾತ್ರಿ ಮಲಗುವುದು ಅದರ ಕೆಳಗಿನ ಡ್ರಾಯರಿನಲ್ಲಿ, ಅದನ್ನು ಹೊರಗೆ ತೆಗೆದು ನೆಲದ ಮೇಲಿಟ್ಟು. ಡೆಸ್ ಮಲಗಿದ್ದ, ಅವನ ಮಗಳು ಮಲಗಿದ್ದಳು, ಮೊಮ್ಮಗಳು ಟೆಗನ್ ಮಲಗಿದ್ದಳು. ಈಗ ಟೆಗನ್ನಿಗೇ ದಿನ ತುಂಬಿತ್ತು. ಆದರೆ ಶೆಡ್ಡಿನಲ್ಲಿ ಬಿದ್ದಿದ್ದ ಬೀರುವಿನಲ್ಲಿ ಇಲಿಗಳು ವರ್ಷಗಟ್ಟಲೆ ಸಂಸಾರ ಹೂಡಿದ್ದವು. "ಅಜ್ಜ, ಇದ್ರಲ್ಲಿ ನನ್ನ ಮಗೂನ ಮಲಗಿಸಲ್ಲ," ಎಂದು ಅವಳು ಮೂಗು ಮುಚ್ಚಿಕೊಂಡಿದ್ದಳು. ಡೆಸ್‌ನ ಹೆಂಡತಿ ಜೂನ್ ತೀರಿಕೊಳ್ಳುವ ಮೊದಲು ಆ ಡ್ರಾಯರಿನ ಅಳತೆಗೇ ಹೊಲಿದಿಟ್ಟ ಪುಟ್ಟ ಕೌದಿಯನ್ನು ಅವನು ಆಗಲೇ ಒಗೆದು ಮಡಚಿಟ್ಟಿದ್ದ.

ಎಲ್ವಾ ವಿನೆಗರ್ ಬೆರೆಸಿದ ನೀರಲ್ಲಿ ಒರೆಸಿದಳು, ಬಿಸಿಲಿಗಿಟ್ಟಳು, ಅಡುಗೆ ಸೋಡಾ ಚೆಲ್ಲಿ ಗುಡಿಸಿದಳು, ಒಳಗೆ ಇದ್ದಿಲಿಟ್ಟಳು. ಸೋಮವಾರ ಟೆಗನ್ನಿಗೆ ಹೆಣ್ಣುಮಗು ಹುಟ್ಟಿತು. ಬುಧವಾರ ಬೆಳಿಗ್ಗೆ ಎಲ್ವಾ ಬ್ರೆಡ್ಡು ಕಚ್ಚಿ, ನಾತ ಇನ್ನೂ ಹೋಗಿಲ್ಲವೆಂದು ತಲೆಯಾಡಿಸಿದಳು.

"ಹನ್ನೊಂದು ವರ್ಷ ಕೌನ್ಸಿಲ್ ಅಧ್ಯಕ್ಷ ಆಗಿದ್ದೋನು ನಾನು," ಎಂದ ಡೆಸ್, ಎದೆಯುಬ್ಬಿಸಿ. "ಈ ಊರಿನ ಚರಂಡಿಯೆಲ್ಲ ನನ್ನ ಕಾಲದ್ದು. ಇಷ್ಟು ವಾಸನೆ ಏನೂ ಮಾಡಲ್ಲ."

"ತಿನ್ನು."

ತಿಂದ. ಅರ್ಧ ದಾರಿಯಲ್ಲಿ ದವಡೆ ನಿಂತಿತು.

"ಇಲಿ?"

"ಇಲೀನೇ," ಎಂದರು ಮಾಜಿ ಅಧ್ಯಕ್ಷರು, ಕರವಸ್ತ್ರ ಹುಡುಕುತ್ತ. ಆಮೇಲೆ ಮೆಲ್ಲಗೆ, "ಶುಕ್ರವಾರ ಮನೆಗೆ ಬರ್ತಾರೆ, ಎಲ್ವಾ. ಜೂನ್ ಇದ್ದಿದ್ರೆ..." ಕರವಸ್ತ್ರ ಕಣ್ಣಿಗೆ ಹೋಯಿತು.

ಎಲ್ವಾ ಡ್ರಾಯರನ್ನು ಬೋರಲು ಹಾಕಿ ಅವನ ಕೈಗೆ ಮರ ಉಜ್ಜುವ ಉಪ್ಪುಕಾಗದ ಕೊಟ್ಟಳು. "ಅಳೋದಾದ್ರೆ ಉಜ್ಜುತ್ತಾ ಅಳು ಮಾರಾಯ."

ತಳದ ಅಂಚಿಗೆ ಯಾವ ಕಾಲದಲ್ಲೋ ಹೊಡೆದಿದ್ದ ಪಟ್ಟಿಯನ್ನು ಅವಳು ಚಾಕುವಿನಿಂದ ಎಬ್ಬಿದಾಗ, ಅದರ ಹಿಂದೆ ಇಲಿಗೂಡೇ ಇತ್ತು. ಕೆರೆದರು, ಇಬ್ಬರೂ ಮಧ್ಯಾಹ್ನದವರೆಗೆ ಉಜ್ಜಿದರು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಎಲ್ವಾ ಎರಡು ಸಲ ಬಳಿದಳು. ಗುರುವಾರವಿಡೀ ನಮ್ಮ ಕಡೆಯ ಬೇಸಿಗೆಯ ಬಡಗಣ ಬಿಸಿಗಾಳಿ ಬೀಸಿ, ಅದನ್ನು ಬೇಗ ಒಣಗಿಸಿ ಉಪಕಾರ ಮಾಡಿತು.

ಶುಕ್ರವಾರ ಬೆಳಿಗ್ಗೆ ಬ್ರೆಡ್ಡಿನಲ್ಲಿ ಅರ್ಧ ಅವಳು ತಿಂದಳು, ಅರ್ಧ ಡೆಸ್‌ಗೆ ಕೊಟ್ಟಳು. ಅವನು ಬಹಳ ಹೊತ್ತು ಅಗಿದ. "ಏನೂ ಇಲ್ಲ," ಎಂದ. "ಎಲ್ವಾ, ಏನೇನೂ ಇಲ್ಲ ಕಣೆ." ಅಷ್ಟು ಸಂತೋಷದಿಂದ 'ಏನೂ ಇಲ್ಲ' ಎಂದವರನ್ನು ನಾನು ಬೇರೆ ಕಂಡಿಲ್ಲ.

ಸಂಜೆ ಡೆಸ್‌ನ ಮನೆಯಲ್ಲಿ, ಎಲ್ವಾ ಮತ್ತು ನಾನು ನೋಡುತ್ತಿದ್ದಂತೆ, ಟೆಗನ್ ಡ್ರಾಯರಿಗೆ ಮೂಗಿಟ್ಟು ಮೂಸಿದಳು. ಇನ್ನೊಂದು ಸಲ ಮೂಸಿದಳು. ಆಮೇಲೆ ಅಜ್ಜಿಯ ಕೌದಿ ಹಾಸಿ ಮಗುವನ್ನು ಮಲಗಿಸಿದಳು. ಅದು ಒಮ್ಮೆ ಮುಖ ಸಿಂಡರಿಸಿ, ಆಕಳಿಸಿ, ನಿದ್ದೆ ಹೋಯಿತು. ಡೆಸ್ ಪಕ್ಕದಲ್ಲೇ ನೆಲಕ್ಕೆ ಕುಳಿತ. ಬರೆಯುವವನಾದ ಮೇಲೆ ಸುಮ್ಮನಿರಲಾದೀತೇ? ನಾನು ದನಿ ತಗ್ಗಿಸಿ ಕೇಳಿದೆ:

"ಎಲ್ವಾ, ಎಷ್ಟೇ ತೊಳೆದ್ರೂ ಈ ಮರದಲ್ಲಿ ತಲೆಮಾರುಗಳ ಪರಿಮಳ ಉಳಿದೇ ಇರುತ್ತೆ, ಹೌದಲ್ಲ?"

"ಉಳಿದಿದ್ರೆ ವಾಪಸ್ ತಗೊಂಡು ಬಾ," ಎಂದಳು. "ಇನ್ನೊಂದು ಸಲ ತೊಳೀತೀನಿ."